ಅಪ್ರದಕ್ಷಿಣೆಯ ಹೊಲಿಗೆ

ನಾನು ಎಡಚಿ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಈ ಮಾತನ್ನು ದನಿ ತಗ್ಗಿಸಿ ಹೇಳುವ ರೂಢಿ ಇದೆ, ಮನೆಯಲ್ಲಿ ಯಾರಿಗೋ ಮೂರ್ಛೆರೋಗ ಇದ್ದ ಹಾಗೆ. ಹೆಣ್ಣು ನೋಡಲು ಬಂದವರಿಂದ ಮುಚ್ಚಿಡುತ್ತಾರೆ, ನೆಂಟರಿಗೆ ನೀರು ಕೊಡಲು ಹೋದರೆ ಕಣ್ಣಿನಲ್ಲೇ ಗದರುತ್ತಾರೆ. ಆ ತಗ್ಗಿದ ದನಿ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಚಿಲಕ ತೆಗೆಯುವುದಿರಲಿ, ಹುಣಸೆಮರಕ್ಕೆ ಕಲ್ಲು ಬೀಸುವುದಿರಲಿ, ನನಗೆ ಎಡಗೈಯೇ ಮುಂದೆ ಬರುತ್ತಿತ್ತು. ಊಟವನ್ನು ಮಾತ್ರ ನೆನಪಿಗೂ ನಿಲುಕದ ವಯಸ್ಸಿನಲ್ಲಿ ಬಲಗೈಗೆ ತಿದ್ದಿಬಿಟ್ಟಿದ್ದರು. ಬರವಣಿಗೆಯನ್ನು ಶಾಲೆ ತಿದ್ದಿತು. ಒಂದನೇ ಕ್ಲಾಸಿನ ಟೀಚರು ಎಡಗೈಯ ಗೆಣ್ಣಿನ ಮೇಲೆ ಸ್ಕೇಲಿನ ಅಂಚಿನಿಂದ ಹೊಡೆದು ಹೊಡೆದು ಪೆನ್ಸಿಲನ್ನು ಬಲಗೈಗೆ ದಾಟಿಸಿದರು. ಅಂದಿನಿಂದ ನನ್ನ ಅಕ್ಷರ ನನ್ನದಲ್ಲ, ಯಾರದೋ ಕೈಯಿಂದ ಬರೆಸಿಕೊಂಡ ಹಾಗಿದೆ. ಒಲ್ಲೆ ಅನ್ನಬಹುದು ಎಂಬುದೇ ಆಗ ನನಗೆ ಗೊತ್ತಿರಲಿಲ್ಲ. ಸೂಜಿಯ ಹೊತ್ತಿಗೆ ಗೊತ್ತಾಗಿತ್ತು.

ಡಿಸೆಂಬರ್ ಕೊನೆಯ ರಜೆ ನಮ್ಮ ಶಾಲೆಗೆ ಮಾತ್ರ ಇತ್ತು. ನಾನು ಚಳ್ಳಕೆರೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದವಳು. ನಮ್ಮೂರು ಪರಶುರಾಂಪುರದ ದಾರಿಯಲ್ಲಿ ಬಸ್ಸಿಳಿದು ಒಂದಿಷ್ಟು ಒಳಗೆ ನಡೆಯಬೇಕಾದ ಊರು. ಅಲ್ಲಿನ ಸರ್ಕಾರಿ ಶಾಲೆಯ ಮಕ್ಕಳಿಗೆ ಆ ದಿನಗಳಲ್ಲಿ ರಜೆ ಇಲ್ಲ, ಹಾಗಾಗಿ ನನಗೆ ಆಡಲು ಜೊತೆಯೂ ಇಲ್ಲ. ಶೇಂಗಾ ಕಿತ್ತು ಮುಗಿದು, ಮೂಟೆಗಳು ನಡುಮನೆಯ ಗೋಡೆಗೆ ಒರಗಿ ನಿಂತಿರುತ್ತಿದ್ದವು. ಹೆಂಗಸರ ಕೈಗೆ ವರ್ಷದಲ್ಲಿ ಸಿಗುವ ಬಿಡುವು ಎಂದರೆ ಅದೇ. ಮಳೆ ನಮ್ಮ ಸೀಮೆಗೆ ಎಷ್ಟೇ ಜಿಪುಣತನ ಮಾಡಲಿ, ಚಳಿ ಮಾತ್ರ ಧಾರಾಳವಾಗಿ ಬರುತ್ತಿತ್ತು. ಬೆಳಿಗ್ಗೆ ದನ ಮೇಯುವ ಕಾವಲಿನ ಕಡೆಯಿಂದ ಬೀಸುವ ಗಾಳಿಗೆ ತುಟಿ ಒಡೆದು ಉರಿಯುತ್ತಿತ್ತು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಅದರಿಂದ ಚೌಕಾಕಾರದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಹೆಂಗಸರು ಕೌದಿಯನ್ನು ಆ ಬಿಸಿಲಿನಲ್ಲಿ ಹಾಸಿಕೊಂಡು ಸುತ್ತ ಕೂರುವರು. ಬಿಸಿಲು ಸರಿದಂತೆ ನಾಲ್ಕು ಮೂಲೆ ಹಿಡಿದು ಕೌದಿಯನ್ನೂ ಎಳೆದುಕೊಂಡು ಸರಿಯುವರು. ಬೆಳಿಗ್ಗೆ ತಲೆಬಾಗಿಲ ಹತ್ತಿರ ಶುರುವಾದ ಹೊಲಿಗೆ ಸಂಜೆಯ ಹೊತ್ತಿಗೆ ಅಡುಗೆಮನೆಯ ಹೊಸ್ತಿಲಿಗೆ ಬಂದಿರುತ್ತಿತ್ತು.

ಆ ಸುಖವನ್ನು ಹೇಗೆ ಹೇಳಲಿ. ಹಳೆಯ ಸೀರೆಯ ಗಂಟು ಬಿಚ್ಚಿದರೆ ಸಾಕು, ಸೋಪು, ಹೊಗೆ, ಬಾಣಂತಿಯ ಎಣ್ಣೆ ಎಲ್ಲ ಕಲೆತ ಒಂದು ವಾಸನೆ ಏಳುತ್ತಿತ್ತು. ಯಾವ ತುಂಡು ಯಾರ ಸೀರೆಯದು, ಅದನ್ನುಟ್ಟು ಯಾರ ಮದುವೆಗೆ ಹೋಗಿದ್ದರು, ಆ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟು ಎದ್ದರು ಎಂಬ ಮಾತು ಮುಗಿಯುವುದೇ ಇಲ್ಲ. ಪಕ್ಕದಲ್ಲಿ ಹುರಿದ ಶೇಂಗಾ, ಒಂದು ಅಚ್ಚು ಬೆಲ್ಲ. ಸೂಜಿ ಬಟ್ಟೆಯ ಪದರಗಳನ್ನು ದಾಟಿ ಕೆಳಗಿನ ಚಾಪೆಗೆ ತಾಗಿ ಸಣ್ಣಗೆ ಸದ್ದು ಮಾಡಿ ಮತ್ತೆ ಮೇಲೆ ಬರುವುದನ್ನು ನೋಡುತ್ತಾ ನಾನು ದಿನವಿಡೀ ಕೂರಬಲ್ಲವಳಾಗಿದ್ದೆ. ಪೆನ್ಸಿಲು ಹಿಡಿದರೆ ಮರಗಟ್ಟುತ್ತಿದ್ದ ನಾನು ಸೂಜಿ ಹಿಡಿದರೆ ಮನುಷ್ಯಳಾಗುತ್ತಿದ್ದೆ. ಅಂಗಿಯ ಗುಂಡಿ, ಲಂಗದ ಅಂಚು, ಮೂಟೆಯ ಬಾಯಿ, ಸಿಕ್ಕಿದ್ದನ್ನೆಲ್ಲ ಹೊಲಿದಿದ್ದೆ. ಎಡಗೈಯಲ್ಲಿ. ಗುಂಡಿ ಹೊಲಿಯುವಾಗ ಯಾರೂ ಏನೂ ಅಂದಿರಲಿಲ್ಲ. ಅದು ಅಪ್ಪನ ಅಂಗಿಯ ಗುಂಡಿ ತಾನೆ, ಯಾವ ಕೈಯಾದರೇನು.

ಆ ವರ್ಷದ ಕೌದಿ ಬೇರೆಯದಾಗಿತ್ತು. ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಕೂಸು ಹುಟ್ಟುವ ಮುಂಚೆ ಹೊಸ ಬಟ್ಟೆ ತರುವಂತಿಲ್ಲ, ಹಳೆಯದನ್ನು ಹೊಲಿದಿಡಬಹುದು ಎನ್ನುವುದು ನಮ್ಮ ಮನೆಯ ಕಟ್ಟಳೆ. ಅಜ್ಜಿ, ಅಂದರೆ ಅಪ್ಪನ ಅವ್ವ, ತನ್ನ ಧಾರೆ ಸೀರೆಯನ್ನೇ ಪೆಟ್ಟಿಗೆಯಿಂದ ತೆಗೆದಳು. ಅಜ್ಜಿಯ ತವರು ರಾಯದುರ್ಗದ ಕಡೆ. ಅವಳಪ್ಪ ಮೊಳಕಾಲ್ಮೂರಿಗೆ ಬಂದು ನೇಕಾರರ ಮನೆಯಲ್ಲೇ ಕೂತು ನೇಯಿಸಿ ತಂದ ರೇಷ್ಮೆ ಅದು, ಕೆಂಪು ಒಡಲು, ಹಸಿರು ಅಂಚು. ಮಡಿಕೆಗಳಲ್ಲಿ ಸೀಳಿ ಉಡಲು ಬಾರದಂತಾಗಿತ್ತು. ಅದನ್ನು ಕೌದಿಯ ನಡುವೆ ಇಟ್ಟು, ಸುತ್ತ ನೂಲಿನ ಸೀರೆಯ ತೇಪೆ ಜೋಡಿಸಿದರು. ಅಜ್ಜಿ ಒಂದು ಬದಿ, ಅವ್ವ ಒಂದು ಬದಿ, ಚಿಕ್ಕಮ್ಮ ಒಂದು ಬದಿ. ಬಸುರಿ ಸೂಜಿ ಹಿಡಿಯಬಾರದೆಂದು ಅಕ್ಕನನ್ನು ಕಂಬಕ್ಕೆ ಒರಗಿಸಿ ಕೂರಿಸಿದ್ದರು. ನಾಲ್ಕನೆಯ ಬದಿ ಖಾಲಿ ಇತ್ತು. ನಾನು ಹೋಗಿ ಕೂತೆ.

ಕೌದಿಯ ಹೊಲಿಗೆ ಹೊರಗಿನ ಅಂಚಿನಿಂದ ಶುರುವಾಗಿ ಸುತ್ತಿ ಸುತ್ತಿ ನಡುವಿಗೆ ಹೋಗುತ್ತದೆ. ಬಲಗೈಯವರ ಸೂಜಿ ಅವರ ಬಲದಿಂದ ಎಡಕ್ಕೆ ನಡೆಯುತ್ತದೆ. ಎಲ್ಲರೂ ಹಾಗೆ ಹೊಲಿಯುತ್ತಾ ಹೋದರೆ ಒಬ್ಬರ ಸಾಲು ಮುಗಿದಲ್ಲಿ ಇನ್ನೊಬ್ಬರ ಸಾಲು ಹತ್ತಿಕೊಳ್ಳುತ್ತದೆ. ನನ್ನ ಸೂಜಿ ಎಡದಿಂದ ಬಲಕ್ಕೆ ಹೊರಟಿತು. ಬಲಮೂಲೆಯಲ್ಲಿ ಚಿಕ್ಕಮ್ಮ ಈ ಕಡೆಗೆ ಬರುತ್ತಿದ್ದಳು, ನಾನು ಆ ಕಡೆಗೆ ಹೋಗುತ್ತಿದ್ದೆ, ಇಬ್ಬರೂ ಮಾತಿನಲ್ಲಿ ಮೈಮರೆತಿದ್ದೆವು. ನನ್ನ ಸೂಜಿ ಅವಳ ಹೆಬ್ಬೆರಳಿಗೆ ಚುಚ್ಚಿತು. ಚಿಕ್ಕಮ್ಮ ಬೆರಳು ಬಾಯಿಗಿಟ್ಟುಕೊಂಡು ನಕ್ಕಳು. ಅಜ್ಜಿ ನಗಲಿಲ್ಲ. ಕಣ್ಣು ಕಿರಿದು ಮಾಡಿ ನನ್ನ ಸಾಲನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಳು.

“ಏಯ್, ಕೈ ಬದ್ಲಾಯ್ಸು.”

“ಯಾಕಜ್ಜಿ?”

“ಯಾಕಂತೆ. ದೇವ್ರಿಗೆ ಸುತ್ತೋದು ನಾವ್ ಹೊಲ್ದಂಗೆ. ಹೆಣಕ್ಕೆ ಸುತ್ತೋದು ನೀನ್ ಹೊಲ್ದಂಗೆ. ಕೂಸಿನ ಕೌದಿ ಕಣೇ ಇದು.”

“ನನ್ ಕೈ ಬರೋದೇ ಹಂಗೆ.”

“ಹಂಗಾರೆ ಎದ್ದೇಳು.”

ಎದ್ದೆ. ಅಳಲಿಲ್ಲ. ಅಳು ಬಂದಿದ್ದು ನಿಜ, ಹಿತ್ತಿಲಿಗೆ ಹೋಗಿ ಬಚ್ಚಲ ಒಲೆಗೆ ಸೌದೆ ತುರುಕುತ್ತಾ ಅದನ್ನು ಹೊಗೆಯ ಲೆಕ್ಕಕ್ಕೆ ಹಾಕಿದೆ. ಅಜ್ಜಿ ಹೇಳಿದ್ದು ಕಣ್ಣಿಗೆ ಕಾಣುವಂತೆ ನಿಜವೇ ಆಗಿತ್ತು, ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು. ಅವರೆಲ್ಲರ ಸಾಲು ಪ್ರದಕ್ಷಿಣೆ, ನನ್ನದೊಂದೇ ಅಪ್ರದಕ್ಷಿಣೆ. ಅಜ್ಜಿ ಕೆಟ್ಟವಳಲ್ಲ. ಅವಳಿಗೆ ಭಯ. ಹುಟ್ಟಬೇಕಾದ ಕೂಸಿನ ಮೇಲೆ ಸಾವಿನ ಸುತ್ತು ಬೀಳುತ್ತದೆ ಎಂಬ ಭಯ ಒಂದಾದರೆ, ನನ್ನನ್ನು ಯಾರೂ ಮನೆ ತುಂಬಿಸಿಕೊಳ್ಳುವುದಿಲ್ಲ ಎಂಬ ಭಯ ಇನ್ನೊಂದು. ನಾಳೆ ಗಂಡನ ಮನೇಲಿ ಎಡಗೈಲಿ ಬಡಿಸಿದ್ರೆ ತಟ್ಟೆ ಮುಖಕ್ಕೆ ಎಸೀತಾರೆ ಎಂದು ಅವ್ವನ ಹತ್ತಿರ ಅವಳು ಹೇಳಿದ್ದು ಬಚ್ಚಲಿಗೂ ಕೇಳಿಸಿತು. ಇದನ್ನೆಲ್ಲ ನಾನು ಈಗ ಅರ್ಥಮಾಡಿಕೊಂಡು ಕರಗಬೇಕೆಂದು ಕೆಲವರು ಬಯಸುತ್ತಾರೆ. ಅರ್ಥವಾಗುತ್ತದೆ. ಕರಗುವುದಿಲ್ಲ. ಭಯ ಅವಳದು, ಕೈ ನನ್ನದು. ಮಗುವಿಗೆ ಕೆಡುಕಾಗಲಿ ಎಂದು ಆ ಕೈ ಹೊಲಿದಿರಲಿಲ್ಲ.

ಸಂಜೆ ಚಿಕ್ಕಮ್ಮ ನನ್ನನ್ನು ಪಕ್ಕಕ್ಕೆ ಕರೆದು ಒಂದು ಉಪಾಯ ಹೇಳಿದಳು. ಅಜ್ಜಿ ನೋಡೋವಾಗ ಬಲಗೈಲಿ ನಾಕ್ ಹೊಲಿಗೆ ಹಾಕು, ಆಮೇಲೆ ನಿನ್ನಿಷ್ಟ ಅಂದಳು. ಒಂದು ಹಳೆಯ ತುಂಡಿನ ಮೇಲೆ ಬಲಗೈಯಲ್ಲಿ ಹೊಲಿದು ನೋಡಿದೆ. ಹೊಲಿಗೆ ಥೇಟ್ ನನ್ನ ಅಕ್ಷರದ ಹಾಗೆ ಬಂತು, ಸೊಟ್ಟ, ದಮ್ಮು ಕಟ್ಟಿದಂತೆ. ಅದನ್ನು ನೋಡಿದ ಕೂಡಲೇ ನನಗೆ ಸ್ಕೇಲಿನ ಅಂಚು ನೆನಪಾಯಿತು. ತುಂಡನ್ನು ಒಲೆಗೆ ಹಾಕಿದೆ. ಆ ಕ್ಷಣದಿಂದ ನನಗೆ ಬೇಕಾಗಿದ್ದು ಒಂದೇ. ಅಕ್ಕನ ಕೂಸು ಹೊದೆಯುವ ಕೌದಿಯಲ್ಲಿ ನನ್ನದೊಂದು ಸಾಲು ಇರಬೇಕು, ಅದು ನನ್ನ ಕೈಯಲ್ಲೇ ಹೊಲಿದಿರಬೇಕು. ಅಪ್ಪನಿಗೆ ಹೇಳಿದೆ. ಅಪ್ಪ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದವನು, ಸೂಜಿ ವಿಷ್ಯಕ್ಕೆ ನನ್ನ ಕರೀಬ್ಯಾಡ ತಾಯಿ ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಟ್ಟೆಯ ಕಡೆ ನಡೆದ. ನಮ್ಮ ಮನೆಯ ಗಂಡಸರಿಗೆ ಕೌದಿ ಹೊದೆಯುವುದು ಮಾತ್ರ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಹೆಂಗಸರು ಅವರೆಕಾಯಿ ಕೀಳಲು ಹೊಲಕ್ಕೆ ಹೋದರು. ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು. ನಾನು ಕೌದಿ ಬಿಡಿಸಿ ಒಂದು ಪೂರ್ತಿ ಬದಿ ಹೊಲಿದೆ, ಧಾರೆ ಸೀರೆಯ ಹಸಿರು ಅಂಚಿಗೆ ಒತ್ತಿಕೊಂಡೇ. ರೇಷ್ಮೆ ಜಾರುತ್ತದೆ, ಅದರ ಮೇಲೆ ಸಾಲು ನೆಟ್ಟಗೆ ನಿಲ್ಲಿಸುವುದು ಸುಲಭವಲ್ಲ. ನಿಲ್ಲಿಸಿದೆ. ಮಡಿಸಿ ಇದ್ದ ಹಾಗೆ ಇಟ್ಟೆ. ಮಾರನೆ ಬೆಳಿಗ್ಗೆ ಎದ್ದು ನೋಡುವಾಗ ಆ ಸಾಲು ಇರಲಿಲ್ಲ. ಸಣ್ಣ ಸಣ್ಣ ತೂತುಗಳು ಮಾತ್ರ ಇದ್ದವು. ಅಜ್ಜಿ ಎಲ್ಲರಿಗಿಂತ ಮುಂಚೆ ಏಳುವವಳು, ಕತ್ತರಿಯ ತುದಿಯಿಂದ ಒಂದೊಂದೇ ಎಳೆ ಎತ್ತಿ ಬಿಚ್ಚಿ, ದಾರವನ್ನು ಹಾಳು ಮಾಡದೆ ಉಂಡೆಗೆ ಸುತ್ತಿಟ್ಟಿದ್ದಳು. ನನ್ನ ಹೊಲಿಗೆಯ ಓರೆ ಆ ಕಡೆಗೆ, ಅವರದು ಈ ಕಡೆಗೆ. ಯಾವುದು ನನ್ನದೆಂದು ತಿಳಿಯಲು ಅಜ್ಜಿ ಬೆರಳು ಸವರಿದರೇ ಸಾಕಿತ್ತು. ಅವತ್ತು ಮತ್ತೆ ಹೊಲಿದೆ. ಮತ್ತೆ ಬಿಚ್ಚಿದಳು. ಈ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ರೊಟ್ಟಿ ತಿಂದೆವು, ಶೇಂಗಾ ಸುಲಿದೆವು, ಅಜ್ಜಿ ನನ್ನ ತಲೆಗೆ ಎಣ್ಣೆಯನ್ನೂ ಹಚ್ಚಿದಳು. ಹಚ್ಚುವಾಗ ಎಂದಿಗಿಂತ ಸ್ವಲ್ಪ ಜೋರಾಗಿ ಉಜ್ಜಿದಳು, ಅಷ್ಟೇ.

ಈಗ ಮೊಬೈಲಿನಲ್ಲಿ ಕೌದಿ ಹೊಲಿಯುವ ವಿಡಿಯೊಗಳು ಬರುತ್ತವೆ. ಸಿಟಿಯ ಹುಡುಗಿಯರು ಟೇಬಲ್ಲಿನ ಮೇಲೆ ಹರಡಿಕೊಂಡು ಹೊಲಿಯುತ್ತಾರೆ, ಕೆಳಗೆ ಕಾಮೆಂಟಿನಲ್ಲಿ ನೂರಾರು ಜನ ಚಪ್ಪಾಳೆ ತಟ್ಟುತ್ತಾರೆ. ಅವರಲ್ಲಿ ಒಬ್ಬಳಾದರೂ ಎಡಗೈಯವಳು ಸಿಕ್ಕಾಳೇ ಎಂದು ನಾನು ನೋಡುತ್ತಿರುತ್ತೇನೆ. ಸಿಕ್ಕರೆ ಅವಳಿಗೆ ಇದನ್ನೇ ಹೇಳಬೇಕೆಂದಿದ್ದೇನೆ: ಕದ್ದು ಹೊಲಿಯಬೇಡ. ಕದ್ದು ಹೊಲಿದದ್ದನ್ನು ಕದ್ದು ಬಿಚ್ಚುತ್ತಾರೆ. ಇದು ನನಗೆ ಆ ರಜೆಯ ಕೊನೆಗೆ ಹೊಳೆಯಿತು. ಒಂದು ದಿನ ಬೆಳಗಿನ ಕೆಲಸವೆಲ್ಲ ಮುಗಿದು ಎಲ್ಲರೂ ಪಡಸಾಲೆಯಲ್ಲಿರುವಾಗ, ಬಿಸಿಲಿನಲ್ಲೇ, ನಾನು ಕೌದಿಯ ನಾಲ್ಕನೆಯ ಬದಿಗೆ ಕೂತು ಸೂಜಿಗೆ ದಾರ ಪೋಣಿಸಿದೆ. ಒಂದು ಗೇಣು ಹೊಲಿದೆ. ಆಮೇಲೆ ಕತ್ತರಿಯನ್ನು ಅಜ್ಜಿಯ ಮುಂದೆ ಇಟ್ಟೆ.

“ಬಿಚ್ಚಜ್ಜಿ. ನಾನ್ ನೋಡ್ಬೇಕು.”

“ಏನಂದೆ?”

“ನಿದ್ದೆ ಕಣ್ಣಲ್ಲಿ ಯಾಕ್ ಕಷ್ಟ ಪಡ್ತೀಯ. ಈಗ್ಲೇ ಬಿಚ್ಚು.”

ಅವ್ವ ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದವಳು ನನ್ನನ್ನು ನುಂಗುವ ಹಾಗೆ ನೋಡಿದಳು. ಅಜ್ಜಿ ಹಿಂದೆಗೆಯುವ ಹೆಂಗಸಲ್ಲ. ಕತ್ತರಿ ಎತ್ತಿಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು, ನನ್ನ ಸಾಲು ಶುರುವಾದ ಕಡೆಯಿಂದ ಬಿಚ್ಚತೊಡಗಿದಳು. ನಾನು ಅವಳ ಹಿಂದೆಯೇ ಹೋಗಿ ಕೂತು, ಅವಳು ಬಿಚ್ಚಿದ ತೂತುಗಳಲ್ಲೇ ಹೊಸ ದಾರ ಹೊಲಿಯತೊಡಗಿದೆ. ಅವಳು ಬಿಚ್ಚಿದಳು, ನಾನು ಹೊಲಿದೆ. ಹಳೆಯ ಗೇಣು ಮುಗಿದು ಬಿಚ್ಚಲು ಏನೂ ಉಳಿಯದಾದಾಗ ಅವಳು ಸುತ್ತಿ ಬಂದು ನನ್ನ ಹಿಂದೆ ಕೂತು ಹೊಸ ಹೊಲಿಗೆಗೆ ಕತ್ತರಿ ಹಾಕಿದಳು. ಆಗ ನಾನು ಮುಂದೆ, ಅವಳು ಹಿಂದೆ. ಒಂದು ಮೂಲೆ ದಾಟಿದೆವು. ಚಿಕ್ಕಮ್ಮ ತನ್ನ ಚಾಪೆಯ ತುದಿ ಎಳೆದುಕೊಂಡು ನಮಗೆ ದಾರಿ ಬಿಟ್ಟಳು.

“ಚಾಲು,” ಅಂದಳು ಅಜ್ಜಿ. “ಚಾಲು ಅಂತಿದೀನಿ.”

ಅಜ್ಜಿಗೆ ಸಿಟ್ಟು ಬಂದರೆ ತವರಿನ ತೆಲುಗು ಬರುತ್ತಿತ್ತು. ತೆಲುಗಿನಲ್ಲಿ ಚಾಲು ಅಂದರೆ ಸಾಕು. ಚಳ್ಳಕೆರೆಯ ಬಸ್‌ಸ್ಟ್ಯಾಂಡಿನಲ್ಲಿ, ಎಣ್ಣೆ ಮಿಲ್ಲಿನಲ್ಲಿ ಚಾಲು ಅಂದರೆ ಶುರು, ನಡೆಯುತ್ತಾ ಇದೆ. ಎರಡೂ ನನಗೆ ಚೆನ್ನಾಗಿ ಗೊತ್ತಿತ್ತು.

“ಚಾಲೂನೇ ಐತಲ್ಲಜ್ಜಿ,” ಅಂದು ಸೂಜಿ ಮುಂದಕ್ಕೆ ಹಾಕಿದೆ.

ಅಕ್ಕ ಕಂಬಕ್ಕೆ ಒರಗಿ ನಗಲು ಶುರುಮಾಡಿದಳು. ನಗುತ್ತಾ ಹೊಟ್ಟೆ ಹಿಡಿದುಕೊಂಡು, “ಅಜ್ಜಿ, ಅವಳ ಹಿಂದೆ ನೀನೂ ಅಪ್ರದಕ್ಷಿಣೆನೇ ಹೊಂಟಿದೀಯಲ್ಲ,” ಅಂದಳು. ಅಜ್ಜಿ ಕೈ ನಿಲ್ಲಿಸಿ ತಾನು ದಾಟಿ ಬಂದ ಮೂಲೆಯನ್ನು ತಿರುಗಿ ನೋಡಿದಳು. ಮುಖ ಕೆಂಪಾಯಿತು. ಆದರೂ ಕತ್ತರಿ ಬಿಡಲಿಲ್ಲ, ಇದ್ದಲ್ಲೇ ಕೂತು ಕೈಗೆಟುಕಿದಷ್ಟು ಬಿಚ್ಚಿದಳು. ನನಗೆ ಬೆರಳು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ನಾನು ಸೋತರೆ ಇನ್ನು ಜನ್ಮದಲ್ಲಿ ಈ ಕೈಯನ್ನು ಯಾರ ಮುಂದೆಯೂ ಎತ್ತಲಾರೆ ಎಂದು ಅನ್ನಿಸಿತು. ಹನ್ನೊಂದು ವರ್ಷದ ಹುಡುಗಿಗೆ ಹಾಗೆಲ್ಲ ಅನ್ನಿಸುತ್ತದೆಯೇ ಎಂದು ಕೇಳಬೇಡಿ. ಅನ್ನಿಸಿತು.

ಊಟದ ಹೊತ್ತಾಯಿತು. ಅವ್ವ ಕರೆದಳು. ಅಜ್ಜಿ, ಅವಳು ಏಳಲಿ ಅಂದಳು. ನಾನು, ಅಜ್ಜಿ ಏಳಲಿ ಅಂದೆ. ಅವ್ವ ಒಳಗೆ ಹೋಗಿ ಎರಡು ತಟ್ಟೆ ತಂದು ನಮ್ಮಿಬ್ಬರ ಬದಿಯಲ್ಲಿ, ಕೌದಿಗೆ ತಾಗದಷ್ಟು ದೂರಕ್ಕೆ ಇಟ್ಟಳು. ರಾಗಿ ಮುದ್ದೆ, ಅವರೆಕಾಳಿನ ಸಾರು. ಇಟ್ಟು ಹೋಗುವಾಗ ನನ್ನ ತಲೆಯ ಮೇಲೆ ಕೈಯಾಡಿಸಿ ಹೋದಳು, ಅಜ್ಜಿಗೆ ಕಾಣುವಂತೆಯೇ. ನನ್ನವ್ವ ಅತ್ತೆಯ ಮುಂದೆ ಅಷ್ಟು ಮಾಡಿದ್ದು ಅದೇ ಮೊದಲು. ಅಜ್ಜಿ ಕತ್ತರಿ ಕೆಳಗಿಟ್ಟು, ಚೊಂಬಿನ ನೀರಲ್ಲಿ ಕೈ ತೊಳೆದು, ಮುದ್ದೆ ಮುರಿದಳು. ನಾನೂ ಬಲಗೈ ತೊಳೆದುಕೊಂಡೆ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದೆ. ಎಡಗೈಯಲ್ಲಿ ಸೂಜಿ ಇತ್ತು. ಅದು ಹೊಲಿಯುತ್ತಲೇ ಇತ್ತು.

ಹೀಗೆ ಮಾಡಬೇಕೆಂದು ನಾನು ಮೊದಲೇ ಯೋಚಿಸಿರಲಿಲ್ಲ. ಉಣ್ಣುವ ಕೈಗೆ ಕೆಲಸ ಸಿಕ್ಕಿತ್ತು, ಹೊಲಿಯುವ ಕೈ ಬಿಡುವಾಗಿತ್ತು, ಅಷ್ಟೇ. ಒಂದೇ ಕೈಯಲ್ಲಿ ಹೊಲಿದರೆ ಬಟ್ಟೆ ಸುಕ್ಕಾಗುತ್ತದೆ. ಅಕ್ಕ ಅದನ್ನು ನೋಡಿದಳು. ಕಷ್ಟಪಟ್ಟು ತೆವಳಿಕೊಂಡು ಬಂದು ನನ್ನೆದುರು ಕೂತು, ಎರಡೂ ಅಂಗೈ ಊರಿ ಬಟ್ಟೆಯನ್ನು ಬಿಗಿಯಾಗಿ ಹಿಡಿದಳು. ಸೂಜಿ ಹಿಡಿಯಬಾರದು, ಬಟ್ಟೆ ಹಿಡಿಯಬಾರದೆಂದು ಯಾರೂ ಹೇಳಿರಲಿಲ್ಲ. ಸಾಲು ನೆಟ್ಟಗೆ ನಡೆಯಿತು. ಅಜ್ಜಿ ತುತ್ತು ಬಾಯಿಗಿಡುವುದನ್ನು ಬಿಟ್ಟು ನೋಡಿದಳು.

“ಉಣ್ಣೋ ಕೈಲಿ ಕೌದಿ ಮುಟ್ಬೇಡ. ಎಂಜಲು.”

“ಉಣ್ಣೋ ಕೈ ಮುಟ್ಟಿಲ್ಲಜ್ಜಿ. ಇದು ಎಂಜಲಿಲ್ಲದ ಕೈ.”

ಅಜ್ಜಿ ನೀರಿನ ಲೋಟ ಎತ್ತಿದ್ದಳು. ನಮ್ಮ ಕಡೆ ಊಟದ ನಡುವೆ ಲೋಟ ಎತ್ತುವುದು, ಇನ್ನೊಂದು ಸೌಟು ಸಾರು ಹಾಕಿಕೊಳ್ಳುವುದು ಎಡಗೈಯಿಂದಲೇ; ಬಲಗೈ ಎಂಜಲಾಗಿರುತ್ತದೆ. ಹುಟ್ಟಿದಾಗಿನಿಂದ ಎಲ್ಲರೂ ಮಾಡುವುದು ಅದನ್ನೇ.

“ನೀನೂ ಲೋಟ ಅದ್ರಲ್ಲೇ ಎತ್ತಿದೀಯ, ನೋಡು,” ಅಂದೆ.

ಅಜ್ಜಿ ತನ್ನ ಎಡಗೈಯನ್ನೂ ಅದರಲ್ಲಿದ್ದ ಲೋಟವನ್ನೂ ನೋಡಿದಳು. ನೀರು ಕುಡಿದು ಲೋಟ ಕೆಳಗಿಟ್ಟಳು. ಮುದ್ದೆಯನ್ನು ಪೂರ್ತಿ ಉಂಡಳು, ಸಾರಿನ ಕೊನೆಯ ಕಾಳನ್ನೂ ಬಿಡಲಿಲ್ಲ. ಅಷ್ಟು ಹೊತ್ತೂ ನನ್ನ ಕೈಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ನನ್ನ ಸಾಲು ಮೂಲೆ ಮುಟ್ಟಿತು. ಗಂಟು ಹಾಕಿ, ಎಂದಿನಂತೆ ದಾರವನ್ನು ಕಚ್ಚಲು ಬಗ್ಗಿದೆ. ಕತ್ತರಿ ನನ್ನ ಎಡಗೈಯಲ್ಲಿ ಕತ್ತರಿಸುತ್ತಿರಲಿಲ್ಲ, ಅದನ್ನೂ ಬಲಗೈಯವರಿಗೆಂದೇ ಮಾಡಿರುತ್ತಾರೆ. ನಾನು ಯಾವಾಗಲೂ ಹಲ್ಲಿನಿಂದಲೇ ದಾರ ಕಡಿಯುತ್ತಿದ್ದದ್ದು.

“ಹಲ್ಲು ಹಾಕ್ಬೇಡ,” ಅಂದಳು ಅಜ್ಜಿ. “ಕೂಸಿನ ಕೌದಿ ಎಂಜಲಾಗ್ತೈತೆ. ತಡಿ, ಕೈ ತೊಳ್ಕೊಂಡ್ ಬಂದು ನಾನೇ ಕತ್ತರಿಸ್ಕೊಡ್ತೀನಿ.”

ಅವಳು ಮಂಡಿಗೆ ಕೈಯೂರಿ ಎದ್ದು ಬಚ್ಚಲಿನ ಕಡೆ ಹೋದಳು. ಬಂದಳು. ಕತ್ತರಿ ಎತ್ತಿಕೊಂಡಳು. ಗಂಟಿನ ಬುಡಕ್ಕೆ ಸರಿಯಾಗಿ ಹಿಡಿದು ದಾರ ಕತ್ತರಿಸಿದಳು. ಉಂಡೆಯಿಂದ ಒಂದು ಮೊಳ ದಾರ ಎಳೆದು, ತುದಿಯನ್ನು ಹೊಸೆದು, ನನ್ನ ಕಡೆ ಚಾಚಿದಳು.

ನಾನು ಅದನ್ನು ಎಡಗೈಯಲ್ಲಿ ತೆಗೆದುಕೊಂಡೆ.